ಯಜಮಾನರು ಹಾಕಿಸಿಕೊಟ್ಟ ಪರದೆ

ಮಾನಿಟರ್ ಸತ್ತದ್ದು ಬೆಳಗಿನ ಚಹಾದ ಹೊತ್ತಿನಲ್ಲಿ. ಟಪ್ ಎಂದು ಒಂದು ಸದ್ದಾಯಿತು. ಪರದೆಯ ಮೇಲಿದ್ದ ಚಿತ್ತಾರವೆಲ್ಲ ನಡುವೆ ಒಂದು ಬಿಳಿ ಗೆರೆಯಾಗಿ ಕುಗ್ಗಿ, ಆ ಗೆರೆಯೂ ಆರಿಹೋಯಿತು. ಸುಟ್ಟ ಧೂಳಿನ ವಾಸನೆ ಬಂತು. ಸುಮಿಯೆ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟು, ಪ್ಲಗ್ ಕಿತ್ತು, ಮತ್ತೆ ಬಂದು ಅದರ ಮುಂದೆಯೇ ಕೂತಳು. ಗಾಬರಿ ಬೀಳಲಿಲ್ಲ. ಎರಡು ವರ್ಷದಿಂದ ಅವಳು ಒಳಗೊಳಗೇ ಕಾಯುತ್ತಿದ್ದದ್ದು ಇದಕ್ಕೇ.

ಕ್ಯೋಟೊದ ನಿಶಿಜಿನ್ ಕೇರಿಯಲ್ಲಿ ಕಟಗಿರಿ ಸುಮಿಯೆ ಎಂದರೆ ಓಬಿಗೆ, ಅಂದರೆ ಕಿಮೊನೊ ಮೇಲೆ ಸುತ್ತುವ ರೇಷ್ಮೆ ನಡುಪಟ್ಟಿಗೆ, ಚಿತ್ತಾರ ಬಿಡಿಸುವವಳು. ಅಪ್ಪ ಚೌಕುಳಿ ಕಾಗದದ ಮೇಲೆ ಕುಂಚದಿಂದ ಮಾಡುತ್ತಿದ್ದ ಕೆಲಸವನ್ನು ಮಗಳು ಕಂಪ್ಯೂಟರಿನ ಮೇಲೆ ಮಾಡಿದಳು. ಒಂದು ಚೌಕಕ್ಕೆ ಒಂದು ಎಳೆ. ಒಂದೊಂದೇ ಚೌಕ ತುಂಬಿ, ಹೂವಾದ ಮೇಲೆ ಫ್ಲಾಪಿಗೆ ಹಾಕಿಕೊಟ್ಟರೆ ಆ ಫ್ಲಾಪಿಯನ್ನು ನೇಕಾರರ ಮಗ್ಗ ಓದುತ್ತದೆ. ಅವಳು ಕೆಲಸ ಶುರುಮಾಡಿದಾಗ ಆ ಕಂಪ್ಯೂಟರ್ ನೋಡಲು ಅಕ್ಕಪಕ್ಕದ ಬೀದಿಯವರೂ ಬಂದಿದ್ದರು. ಈಗ ಬಂದವರು ಅದೇ ಕಂಪ್ಯೂಟರಿನ ಫೋಟೊ ತೆಗೆದುಕೊಂಡು ನಗುತ್ತಾರೆ. ಅದನ್ನು ಬದಲಾಯಿಸೋಣವೆಂದರೆ ಫ್ಲಾಪಿ ಓದುವ ಮಗ್ಗದ ತಲೆಯನ್ನೂ ಬದಲಾಯಿಸಬೇಕು, ಮಗ್ಗದ ತಲೆ ಬದಲಾಯಿಸೋಣವೆಂದರೆ ಮಗ್ಗದ ಮುಂದೆ ಕೂತ ತೊಮೆ ಅಜ್ಜಿಗೆ ಎಂಬತ್ತು ದಾಟಿದೆ. ಹಾಗಾಗಿ ಯಾರೂ ಯಾವುದನ್ನೂ ಮುಟ್ಟದೆ ಕಾಲ ತಳ್ಳಿದ್ದರು.

ಸುಮಿಯೆಗೆ ಅರವತ್ತೆಂಟು. ಬಲ ಭುಜ ಮೇಲೆತ್ತಲು ಬಾರದು. ಕಣ್ಣು ಮುಚ್ಚಿದರೂ ಚೌಕಗಳೇ ಕಾಣುತ್ತವೆ. ತಂಗಿ ಹಿಸಾ ಹೋದ ಮೇಲಂತೂ ಬೆಳಗ್ಗೆ ಎದ್ದು ಸ್ವಿಚ್ ಒತ್ತುವುದೇ ಬೆಟ್ಟ ಹತ್ತಿದ ಹಾಗಾಗಿತ್ತು. ಬಿಡುತ್ತೇನೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳುವುದು ಯಾರಿಗೆ? ಕೆಲಸ ಕೊಟ್ಟು ಓಬಿ ಮಾರುವ ತೊಕುನಾಗ ಯಜಮಾನರಿಗೆ. ಅವರ ಅಪ್ಪನಿಗೆ ಇವಳ ಅಪ್ಪ ಚಿತ್ತಾರ ಬರೆದುಕೊಟ್ಟಿದ್ದ. ಇಂಥ ಎರಡು ಮನೆಗಳ ನಡುವೆ ನಮ್ಮೂರಲ್ಲಿ ನೇರ ಮಾತು ಆಡುವುದಿಲ್ಲ. ಸುತ್ತಿ ಬಳಸಿ, ಹವೆ ವಿಚಾರ ಮಾತಾಡಿ, ಮಧ್ಯೆ ಎಲ್ಲೋ ಒಂದು ಎಳೆ ಇಳಿಬಿಡಬೇಕು. ಕೇಳಿದವರು ಅದನ್ನು ತಾವೇ ಹಿಡಿದುಕೊಳ್ಳಬೇಕು. ಹಿಡಿದುಕೊಳ್ಳದಿದ್ದರೆ ನಿಮ್ಮ ಹಣೆಬರಹ.

ಸುಮಿಯೆ ಎರಡು ವರ್ಷದಿಂದ ಎಳೆ ಇಳಿಬಿಡುತ್ತಲೇ ಇದ್ದಳು. "ಯಜಮಾನ್ರೇ, ಈ ಮಾನಿಟರಿಗೂ ನನ್ನಷ್ಟೇ ವಯಸ್ಸಾಯ್ತು ನೋಡಿ. ಮಂಕಾಗ್ತಾ ಬಂತು. ಇಬ್ಬರೂ ಒಟ್ಟಿಗೇ ಹೋಗ್ತೀವೇನೋ!" ಎಂದು ನಗುತ್ತ ಹೇಳಿದ್ದಳು. ತೊಕುನಾಗರೂ ನಕ್ಕಿದ್ದರು. ಇದು ಹೋದ ದಿನ ನನ್ನನ್ನೂ ಬಿಟ್ಟುಬಿಡಿ ಎಂದು ಅದರ ಅರ್ಥ. ಅವರಿಗೆ ಅದು ತಿಳಿಯಿತು ಎಂದೇ ಅವಳು ನಂಬಿದ್ದಳು. ಈ ಊರಲ್ಲೇ ಹುಟ್ಟಿ ಬೆಳೆದ ಮನುಷ್ಯ, ತಿಳಿಯದೆ ಏನು?

ಅವತ್ತೇ ಫೋನ್ ಮಾಡಿದಳು. "ಯಜಮಾನ್ರೇ, ಮಾನಿಟರ್ ಕೈಕೊಟ್ತು. ಇಷ್ಟು ವರ್ಷ ನಡೀತಲ್ಲ, ಅದೇ ದೊಡ್ಡದು."

"ಅಯ್ಯೋ ಪಾಪ, ನಿಮಗೆ ಎಷ್ಟು ಬೇಜಾರಾಗಿರಬೇಕು," ಅಂದರು ತೊಕುನಾಗರು. "ನೀವು ತಲೆ ಕೆಡಿಸ್ಕೋಬೇಡಿ. ನೋಡೋಣ."

ನಿಶಿಜಿನ್‌ನಲ್ಲಿ ನೋಡೋಣ ಎಂದರೆ ಆಗದು ಎಂದೇ ಲೆಕ್ಕ. ಸುಮಿಯೆ ಫೋನ್ ಇಟ್ಟು, ಕಿಟಕಿ ತೆರೆದು, ಹಗಲಲ್ಲೇ ಚಾಪೆಯ ಮೇಲೆ ಕಾಲು ಚಾಚಿ ಮಲಗಿದಳು. ಎಷ್ಟೋ ವರ್ಷದ ಮೇಲೆ ಹಗಲಲ್ಲಿ ಮಲಗಿದ್ದಳು. ಓಣಿಯ ಆಚೆಯಿಂದ ತೊಮೆ ಅಜ್ಜಿಯ ಮಗ್ಗದ ಟಕಟಕ ಕೇಳುತ್ತಿತ್ತು. ಅಜ್ಜಿಯ ಕೈಯಲ್ಲಿರುವ ಓಬಿ ಮುಗಿದರೆ ಅದೂ ನಿಲ್ಲುತ್ತದೆ ಎಂದುಕೊಂಡಳು. ಸಂಕಟವಾಯಿತು, ಆದರೂ ನಿದ್ದೆ ಬಂತು.

ಆ ನೆಮ್ಮದಿಯ ಆಯುಸ್ಸು ಹೆಚ್ಚಿರಲಿಲ್ಲ. ವಾರ ತುಂಬುವ ಮೊದಲೇ ಬಾಗಿಲಲ್ಲಿ ಒಬ್ಬ ದಪ್ಪ ಆಸಾಮಿ ನಿಂತಿದ್ದ. ಕುತ್ತಿಗೆಗೆ ಟವೆಲ್, ಒಂದು ಕೈಯಲ್ಲಿ ಸಲಕರಣೆ ಪೆಟ್ಟಿಗೆ, ಇನ್ನೊಂದು ಕಂಕುಳಲ್ಲಿ ಗುಳ್ಳೆ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಚಪ್ಪಟೆ ಗಂಟು.

"ಕಟಗಿರಿ ಸಾನ್ ಮನೆ ಇದೇ ತಾನೆ? ನಾನು ಬಾಂದೊ. ಒಸಾಕಾದಿಂದ ಬಂದೆ. ತೊಕುನಾಗ ಸಾನ್ ಕಳಿಸಿದ್ರು. ಸತ್ತಿರೋದು ಎಲ್ಲಿದೆ ತೋರ್ಸಿ ಅಕ್ಕಾ, ಎಬ್ಬಿಸಿ ಕೂರಿಸ್ತೀನಿ."

ಸುಮಿಯೆ ಮುಖದ ಮೇಲೆ ನಗೆ ತಂದುಕೊಂಡಳು. "ಅಯ್ಯೋ, ಈ ಸೆಕೆಯಲ್ಲಿ ಅಷ್ಟು ದೂರದಿಂದ! ಇಂಥ ಹಳೇ ಡಬ್ಬಕ್ಕೆ ನಿಮ್ಮಂಥ ಕೆಲಸಗಾರರ ಕೈ ಸೋಕೋದು ಅಂದ್ರೆ ನಮಗೇ ಸಂಕೋಚ ಆಗುತ್ತೆ."

ನಮ್ಮೂರಿನ ಯಾರಾದರೂ ಆಗಿದ್ದರೆ ಅಲ್ಲಿಂದಲೇ ಚಪ್ಪಲಿ ತಿರುಗಿಸುತ್ತಿದ್ದರು. ಬಾಂದೊ ಚಪ್ಪಲಿ ಬಿಚ್ಚಿ ಒಳಗೆ ಬಂದ. "ಸಂಕೋಚ ಎಂಥದ್ದು ಬಿಡಿ! ನಾನು ಜೂಜಿನ ಅಂಗಡಿ ಡಬ್ಬನೂ ರಿಪೇರಿ ಮಾಡ್ತೀನಿ, ಲೇತ್ ಮಷಿನ್ ಡಬ್ಬನೂ ಮಾಡ್ತೀನಿ. ಹಳೇ ಗಾಜಿನ ಟ್ಯೂಬ್ ಕಿತ್ತು ಹೊಸ ಪ್ಯಾನೆಲ್ ಕೂರಿಸೋದೇ ನನ್ನ ಹೊಟ್ಟೆಪಾಡು."

ಅವಳು ಚಹಾ ತಂದಳು. ಅವನು ಕುಡಿದ. ಮತ್ತೆ ಚಹಾ ತಂದು, "ನಿಮಗೆ ಬೇರೆ ಕಡೆಯೂ ಕೆಲಸ ಇರುತ್ತೇನೋ," ಅಂದಳು. ಅದನ್ನೂ ಕುಡಿದು ಇನ್ನೊಂದು ಬಟ್ಟಲು ಕೇಳಿದ. ತಟ್ಟೆಯಲ್ಲಿಟ್ಟ ಸಿಹಿಯನ್ನೂ ಬಿಡಲಿಲ್ಲ. ಬಂದವರು ಕಣ್ಣಿಂದ ನೋಡಿ ಎದ್ದುಹೋಗಲೆಂದು ಇಡುವ ಸಿಹಿ ಅದು, ಚಳಿಗಾಲದಿಂದ ಡಬ್ಬದಲ್ಲಿತ್ತು. "ಸ್ವಲ್ಪ ಗಟ್ಟಿಯಾಗಿದೆ, ಆದ್ರೂ ರುಚಿ ಇದೆ," ಎಂದು ಬಾಯಿ ಒರೆಸಿಕೊಂಡ. ಸುಮಿಯೆ ಸೋತು ಸುಮ್ಮನಾದಳು.

ಬಾಂದೊ ಮಾನಿಟರನ್ನು ಮಗುಚಿ ಮಲಗಿಸಿ, ಬೆನ್ನಿನ ಸ್ಕ್ರೂ ಬಿಚ್ಚಿ, ಚಿಪ್ಪು ಎತ್ತಿದ. ಒಳಗೆ ಧೂಳು ಬೂದು ಕಂಬಳಿಯ ಹಾಗೆ ಕೂತಿತ್ತು. ಎಳೆದರೆ ಅದರಲ್ಲಿ ರೇಷ್ಮೆಯ ನಾರುಗಳೂ ಬಂದವು, ಕೆಂಪು, ಹಸಿರು, ಒಂದೆರಡು ಜರಿಯ ಚೂರು. ಅಪ್ಪ ಇದ್ದ ಕಾಲದಲ್ಲಿ ಪಕ್ಕದ ಕೋಣೆಯಲ್ಲೇ ಮಗ್ಗವಿತ್ತು.

"ದೂರ ಇರಿ ಅಕ್ಕಾ. ಇದು ಸತ್ತಿದ್ರೂ ಕಚ್ಚುತ್ತೆ." ತಂತಿ ಸುತ್ತಿದ ಸ್ಕ್ರೂಡ್ರೈವರನ್ನು ಟ್ಯೂಬಿನ ಪಕ್ಕೆಗೆ ಮೆಲ್ಲಗೆ ತೂರಿಸಿದ. ಚಟ್ ಎಂದಿತು. "ಆಯ್ತು, ಈಗ ಪೂರ್ತಿ ಹೋಯ್ತು."

ಗಾಜಿನ ಟ್ಯೂಬನ್ನು ಎರಡೂ ಕೈಯಲ್ಲಿ ಎತ್ತಿ ಹಳೇ ಟವೆಲಿನ ಮೇಲೆ ಮಲಗಿಸಿದ. ಅದು ಇದ್ದ ಜಾಗದಲ್ಲಿ ದೊಡ್ಡ ಪೊಳ್ಳು ಉಳಿಯಿತು. ಇಷ್ಟು ವರ್ಷ ತಾನು ದಿನವೆಲ್ಲ ಮುಖ ಕೊಟ್ಟು ಕೂತದ್ದು ಈ ಬೋಳು ಗಾಜಿಗೆ ಎಂದು ಸುಮಿಯೆಗೆ ನಂಬಲಾಗಲಿಲ್ಲ. ಅದರ ಮೇಲೆ ಪ್ರೀತಿಯೇನೂ ಉಕ್ಕಲಿಲ್ಲ. ನೀನಾದರೂ ಬಿಡುಗಡೆ ಪಡೆದೆಯಲ್ಲ ಎಂದು ಹೊಟ್ಟೆಕಿಚ್ಚಾಯಿತು, ಅಷ್ಟೆ.

ಬಾಂದೊ ಚಪ್ಪಟೆ ಗಂಟು ಬಿಚ್ಚಿದ. ಒಳಗಿದ್ದದ್ದು ಚೌಕನೆಯ ಪ್ಯಾನೆಲ್. "ಈಗ ಎಲ್ಲಾ ಉದ್ದುದ್ದ ಬರ್ತವೆ, ಸಿನಿಮಾ ನೋಡೋಕೆ. ನಿಮ್ಮ ಮಷಿನ್‌ಗೆ ಅದು ಹಾಕಿದ್ರೆ ಹೂವೆಲ್ಲ ಕುಂಬಳಕಾಯಿ ಆಗುತ್ತೆ. ಈ ಅಳತೆದು ಹುಡುಕೋಕೆ ನನ್ನ ಚಪ್ಪಲಿ ಸವೆದುಹೋಯ್ತು."

"ಅಷ್ಟು ಕಷ್ಟ ಯಾಕೆ ಪಟ್ರಿ. ಸಿಗಲಿಲ್ಲ ಅಂದಿದ್ರೆ ಆಗ್ತಿತ್ತು," ಅಂದಳು ಸುಮಿಯೆ. ಅವಳ ಮಟ್ಟಿಗೆ ಇದು ಕಿರುಚಿದಷ್ಟೇ ನೇರ ಮಾತು.

"ಅದನ್ನ ತೊಕುನಾಗ ಸಾನ್‌ಗೆ ಹೇಳಿ! ದಿನಾ ಫೋನು. ಸಿಕ್ತಾ ಬಾಂದೊ, ಸಿಕ್ತಾ ಬಾಂದೊ. ನನ್ನ ಹೆಂಡತಿ, ಯಾರ್ರೀ ಅದು, ನಿಮ್ಮ ಹೊಸ ಪ್ರೇಯಸೀನಾ ಅಂತ ಕೇಳಿದ್ಲು."

ಅಲ್ಯೂಮಿನಿಯಂ ಪಟ್ಟಿ ಬಗ್ಗಿಸಿ, ರಂಧ್ರ ಕೊರೆದು, ಹಳೇ ಚಿಪ್ಪಿನೊಳಗೆ ಪ್ಯಾನೆಲನ್ನು ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅದರ ಹಿಂದೆ ಅಂಗೈಯಗಲದ ಒಂದು ಹಸಿರು ಬೋರ್ಡು ಸಿಕ್ಕಿಸಿದ. ಹಳೇ ಕಂಪ್ಯೂಟರ್ ಚಿತ್ರ ಕಳಿಸುವ ತಾಳ ನಿಧಾನವಂತೆ, ಹೊಸ ಪ್ಯಾನೆಲ್‌ಗೆ ಆ ನಿಧಾನ ಅರ್ಥವಾಗುವುದಿಲ್ಲವಂತೆ. "ಅದಕ್ಕೇ ನಡುವೆ ಈ ದುಭಾಷಿ," ಎಂದು ಬೋರ್ಡನ್ನು ತಟ್ಟಿದ. "ನಿಮ್ಮೂರವರ ಜೊತೆ ಮಾತಾಡೋಕೂ ಇಂಥದ್ದೊಂದು ಸಿಕ್ಕಿದ್ರೆ ಕೊಂಡ್ಕೋತಿದ್ದೆ."

ಮೊದಲ ಸಲ ಸ್ವಿಚ್ ಒತ್ತಿದಾಗ ಪರದೆಯ ಮೇಲೆ ಓರೆಯಾದ ಪಟ್ಟೆಗಳು ಮೇಲಿಂದ ಕೆಳಕ್ಕೆ ಉರುಳಿದವು. ಬಾಂದೊ ಹುಬ್ಬು ಗಂಟಿಕ್ಕಿ ಏನೋ ತಿರುಗಿಸಿದ. ಪಟ್ಟೆಗಳು ಇನ್ನೂ ಜೋರಾಗಿ ಉರುಳಿದವು. ಸುಮಿಯೆ ಮಡಿಲಲ್ಲಿ ಕೈ ಬಿಗಿದು ಕೂತು, ಹೀಗೇ ಇರಲಿ, ಹೀಗೇ ಇರಲಿ ಎಂದು ಬೇಡಿಕೊಂಡಳು. ಪಾಪವೆಂದು ಗೊತ್ತಿತ್ತು. ಎದುರಿಗೆ ಬೆವರು ಸುರಿಸುತ್ತಿರುವ ಮನುಷ್ಯ ಸೋಲಲಿ ಎಂದು ಬೇಡುವುದು ಒಳ್ಳೆಯ ಬುದ್ಧಿಯಲ್ಲ. ಆದರೂ ಬೇಡಿದಳು.

ಒಂದು ಕೇಬಲ್ ತೆಗೆದು ಬೇರೆಯದು ಹಾಕಿದ ಮೇಲೆ ಪಟ್ಟೆಗಳು ನಿಂತವು.

"ಈಗ ನಿಮ್ಮ ಪಾಳಿ ಅಕ್ಕಾ. ಯಾವುದಾದ್ರೂ ಚಿತ್ತಾರ ಹಾಕಿ. ಬಣ್ಣ ಸರಿ ಇದೆಯಾ, ಗೆರೆ ಸರಿ ಇದೆಯಾ, ನನಗೆ ಗೊತ್ತಾಗಲ್ಲ. ನೀವೇ ಹೇಳಬೇಕು. ಸರಿ ಅಂದ್ರೆ ಸರಿ. ಇಲ್ಲ, ಇದರಲ್ಲಿ ಕೆಲಸ ಆಗಲ್ಲ ಅಂದ್ರೆ ಗಂಟು ಕಟ್ಕೊಂಡು ಹೋಗ್ತೀನಿ. ಇದಕ್ಕಿಂತ ಒಳ್ಳೇದು ನನ್ನ ಕೈಲಾಗಲ್ಲ."

ಸುಮಿಯೆ ಅವನ ಮುಖ ನೋಡಿದಳು. ಅವನು ಬೆವರು ಒರೆಸಿಕೊಳ್ಳುತ್ತಿದ್ದ. ಒಂದೇ ಮಾತು ಸಾಕು. ಬಣ್ಣ ಸರಿಯಿಲ್ಲ ಎಂದುಬಿಟ್ಟರೆ ಮುಗಿಯಿತು, ಪರೀಕ್ಷಿಸಿ ನೋಡಲು ಊರಲ್ಲಿ ಬೇರೆ ಯಾರೂ ಇಲ್ಲ. ಕೈಗೆ ಸಿಕ್ಕ ಫ್ಲಾಪಿ ತೂರಿಸಿದಳು. ಕಂಪ್ಯೂಟರ್ ಗೊರಗೊರ ಎಂದಿತು. ಪರದೆಯ ಮೇಲೆ ಮೇಲಿಂದ ಒಂದೊಂದೇ ಸಾಲು ಇಳಿದು, ಸೇವಂತಿಗೆ ಅರಳಿತು.

ಆ ಸೇವಂತಿಗೆಯೇ ಬರಬೇಕೆ.

ಹಿಂದಿನ ವರ್ಷದ ಚಳಿಗಾಲದ ಕೆಲಸ ಅದು. ದೂರದ ಕಡಲಂಚಿನ ಮೈಜೂರು ಪಟ್ಟಣದಲ್ಲಿ ಹಿಸಾ ಆಸ್ಪತ್ರೆ ಸೇರಿದ್ದಳು. "ಅಕ್ಕಾ, ಒಂದ್ಸಲ ಬಂದು ಹೋಗೇ. ಸುಮ್ನೆ ಪಕ್ಕದಲ್ಲಿ ಕೂತಿರು, ಸಾಕು," ಎಂದು ಫೋನಿನಲ್ಲಿ ಹೇಳಿದ್ದಳು. ಸುಮಿಯೆ ಚೀಲ ತುಂಬಿಸಿಟ್ಟಿದ್ದಳು. ಅದೇ ಸಂಜೆ ತೊಕುನಾಗರು ಬಂದು ಬಾಗಿಲಲ್ಲೇ ಕೂತು, ಕನಜಾವಾದ ದೊಡ್ಡ ಮನೆಯ ಮದುವೆ, ಹುಡುಗಿಗೆ ಬಿಳಿ ಸೇವಂತಿಗೆಯ ಓಬಿ ಬೇಕಂತೆ, ಹೊಸ ವರ್ಷದೊಳಗೆ ಆಗಲೇಬೇಕಂತೆ ಎಂದರು. ನಿಮ್ಮ ಕೈಯಿಂದಲೇ ಆಗಬೇಕು ಎಂದರು. ತಂಗಿಗೆ ಹುಷಾರಿಲ್ಲ ಎಂದು ಸುಮಿಯೆ ಹೇಳಿದ್ದೂ ಉಂಟು, ಆದರೆ ಹೇಳುವಾಗ "ಸ್ವಲ್ಪ" ಎಂದು ಸೇರಿಸಿದ್ದಳು. ಈ ಊರಿನ ಬಾಯಿ ಅದು, ಸ್ವಲ್ಪ ಸೇರಿಸದೆ ಏನನ್ನೂ ಹೇಳುವುದಿಲ್ಲ. ಹೂ ಮುಗಿಸಿ ಹೋಗೋಣ ಎಂದು ಚೀಲ ಪಕ್ಕಕ್ಕಿಟ್ಟಳು. ಹೂವಿನ ಮೂರನೇ ಸುತ್ತು ತುಂಬುತ್ತಿರುವಾಗ ಮೈಜೂರಿನಿಂದ ಫೋನ್ ಬಂತು. ಹಿಸಾ ಒಬ್ಬಳೇ ಹೋಗಿದ್ದಳು. ಅಂತ್ಯಕ್ರಿಯೆ ಮುಗಿಸಿ ಮರಳಿ ಬಂದು ಸುಮಿಯೆ ನಾಲ್ಕನೇ ಸುತ್ತು ತುಂಬಿದಳು.

ಈಗ ಅದೇ ಹೂವು ಎದುರಿಗಿತ್ತು, ಚೂಪಾಗಿ, ಒಂದೊಂದು ಚೌಕವೂ ಬೇರೆ ಬೇರೆಯಾಗಿ. ಹಳೇ ಟ್ಯೂಬಿನಲ್ಲಿ ಚೌಕದ ಅಂಚುಗಳು ಒಂದಕ್ಕೊಂದು ಕರಗಿಕೊಂಡಿದ್ದವು. ಇಲ್ಲಿ ಹಾಗಿರಲಿಲ್ಲ. ಹಾಗಾಗಿ ಮೂರನೇ ಸುತ್ತಿನ ಎಸಳೊಂದರಲ್ಲಿ ಬಿಳಿಯ ನಡುವೆ ಒಂಟಿ ಕೆಂಪು ಚೌಕ ಕಣ್ಣಿಗೆ ಚುಚ್ಚಿತು. ಪರದೆಯಲ್ಲಿ ಕೆಂಪು ಎಂದರೆ ಮಗ್ಗದಲ್ಲಿ ಜರಿ. ಬಿಳಿ ಎಸಳಿನ ನಡುವೆ ಜರಿಯ ಎಳೆ! ಅವಳ ಕೈಯಿಂದ ಇಂಥ ತಪ್ಪು ಎಂದೂ ಆಗಿರಲಿಲ್ಲ. ಆ ಹೊತ್ತಿನಲ್ಲಿ ಆಗಿತ್ತು. ಮಗ್ಗದಲ್ಲಿ ಇದು ತೊಮೆ ಅಜ್ಜಿಗೆ ಕಾಣದೆ ಇದ್ದೀತೆ? ಸದ್ದಿಲ್ಲದೆ ಲಾಳಿ ತಡೆದು, ಪ್ರತಿ ಹೂವಿಗೂ ಕೈಯಿಂದ ಸರಿಮಾಡಿರಬೇಕು. ಒಂದು ಮಾತೂ ಆಡಿರಲಿಲ್ಲ.

"ಹೇಗಿದೆ ಅಕ್ಕಾ?" ಬಾಂದೊ ಕೇಳಿದ. "ಸರಿನಾ, ಇಲ್ವಾ?"

ಇಲ್ಲ ಎನ್ನಲು ಬಾಯಿ ತೆರೆದಳು. ಆದರೆ ಕಣ್ಣೆದುರಿಗಿರುವ ಗೆರೆ ಸರಿಯಾಗಿದ್ದಾಗ ಸರಿಯಿಲ್ಲ ಎನ್ನುವುದು ಅವಳಿಗೆ ಬಾರದ ವಿದ್ಯೆ. ಅಪ್ಪ ಅದೊಂದನ್ನು ಕಲಿಸಿರಲಿಲ್ಲ.

"ಸರಿ ಇದೆ," ಅಂದಳು. "ಚೆನ್ನಾಗಿದೆ. ಮೊದಲಿಗಿಂತಲೂ ಚೆನ್ನಾಗಿದೆ."

ಇನ್ನು ಇದು ಕೆಡುವುದಿಲ್ಲ. ಕೆಡುವ ಮೊದಲು ತಾನೇ ಕೆಡಬೇಕು. ನಾಳೆ ಬೆಳಗ್ಗೆ ಮತ್ತೆ ಸ್ವಿಚ್ಚು, ಮತ್ತೆ ಚೌಕ.

ಬಾಂದೊ ಖುಷಿಯಾಗಿ ಪರದೆಯ ಹತ್ತಿರ ಮುಖ ತಂದು ಇಣುಕಿದ. "ಅರೆ, ಈ ಹೂವು ನಾನು ನೋಡಿದೀನಲ್ಲ!"

"ಎಲ್ಲಿ?"

"ತೊಕುನಾಗ ಸಾನ್ ಮನೇಲಿ. ಅಳತೆ ತಗೊಳ್ಳೋಕೆ ನಿಮ್ಮದರ ಜೋಡಿ, ಕೆಟ್ಟುಹೋದ ಹಳೇ ಮಾನಿಟರ್ ಅವರ ಹತ್ರ ಇತ್ತು ನೋಡಿ, ಅದನ್ನ ತೆಗೆಯೋಕೆ ಕಪಾಟಿನ ಬಾಗಿಲು ತೆಗೆದ್ರು. ಒಳಗೆ ಓಬಿಗಳ ರಾಶಿ! ಮೇಲಿದ್ದದ್ದೇ ಇದು. ಬಿಳೀ ರೇಷ್ಮೆದು. ಹೂವು ಇದೇ, ಈ ಬಾಗಿದ ಎಸಳು ನೆನಪಿದೆ. ಮಾರೋದಿಲ್ವಾ ಇಷ್ಟು ಚೆಂದದ್ದು ಅಂತ ಕೇಳಿದೆ. ತೊಗೊಳೋರು ಎಲ್ಲಿದಾರಯ್ಯ ಅಂದ್ರು. ಮೂರು ವರ್ಷದ ಹಿಂದೇನೇ ಅಂಗಡಿ ಮುಚ್ಚಬೇಕಿತ್ತಂತೆ. ಆದ್ರೆ ಕಟಗಿರಿ ಸಾನ್‌ಗೆ ಈ ಕೆಲಸ ಬಿಟ್ರೆ ಬೇರೆ ಏನಿದೆ, ಕೆಲಸ ನಿಂತ್ರೆ ಆ ಹೆಂಗಸು ಉಳಿಯೋದಿಲ್ಲ ಬಾಂದೊ, ಮಾನಿಟರ್ ಜೊತೆ ನಾನೂ ಹೋಗ್ತೀನಿ ಅಂತಾರೆ, ಹೇಗಾದ್ರೂ ಮಾಡಿ ಅದನ್ನ ಬದುಕಿಸಿಕೊಡು ಅಂತ..."

ಅಲ್ಲಿಗೆ ಬಾಂದೊನ ಮಾತು ನಿಂತಿತು. ಸುಮಿಯೆಯ ಮುಖ ನೋಡಿ ಅವನ ಮುಖ ಹುಳ್ಳಗಾಯಿತು.

"ನಾನು ಹೇಳಬಾರದಿತ್ತಾ?"

"ಇಲ್ಲ," ಅಂದಳು ಸುಮಿಯೆ. "ನೀವೊಬ್ಬರಾದ್ರೂ ಹೇಳಿದ್ರಲ್ಲ."

ಅವನು ಬೇಗ ಬೇಗ ಸಲಕರಣೆ ತುಂಬಿಕೊಂಡು, ಟ್ಯೂಬನ್ನು ಟವೆಲ್ ಸಮೇತ ಅಪ್ಪಿಕೊಂಡು ಓಣಿಗಿಳಿದ. ಬಾಗಿಲಲ್ಲೇ ತೊಕುನಾಗರು ಎದುರಾದರು. ಎಪ್ಪತ್ತೈದರ ಸಣಕಲು ಮನುಷ್ಯ, ಸೆಕೆಯಲ್ಲೂ ಕೋಟು ತೊಟ್ಟಿದ್ದರು, ಕೈಯಲ್ಲಿ ಸೆಕೆಗಾಲಕ್ಕೆಂದೇ ಮಾಡುವ ಮಿನಜುಕಿ ಎಂಬ ಸಿಹಿಯ ಪೊಟ್ಟಣ. ಬಾಂದೊ ಅವರಿಗೆ ತಲೆ ಬಾಗಿಸಿ, ಮುಖ ತಪ್ಪಿಸಿಕೊಂಡು ವ್ಯಾನಿನ ಕಡೆ ಹೋದ.

ತೊಕುನಾಗರು ಒಳಗೆ ಬಂದು ಪರದೆಯ ಮುಂದೆ ಮಂಡಿಯೂರಿ ಕೂತರು. "ಅಬ್ಬಾ! ಎಷ್ಟು ಸ್ವಚ್ಛ, ಎಷ್ಟು ಬೆಳಕು! ಇನ್ನು ಹತ್ತು ವರ್ಷ ಯೋಚನೆ ಇಲ್ಲ ಬಿಡಿ ಕಟಗಿರಿ ಸಾನ್." ನಗುತ್ತಿದ್ದರು. ಆದರೆ ಕಣ್ಣಿನ ಕೆಳಗೆ ಚೀಲ ಕಟ್ಟಿತ್ತು, ಧ್ವನಿಯಲ್ಲಿ ಉಸಿರಿರಲಿಲ್ಲ. ಇವರೂ ದಣಿದಿದ್ದಾರೆ, ಇದನ್ನು ನಾನು ಇಷ್ಟು ದಿನ ನೋಡಲೇ ಇಲ್ಲವಲ್ಲ ಎಂದುಕೊಂಡಳು ಸುಮಿಯೆ.

"ಯಜಮಾನ್ರೇ, ಈ ಸೇವಂತಿಗೆ ಕನಜಾವಾದ ಹುಡುಗಿ ಉಟ್ಟಳಾ?"

"ಓ, ಅದು... ತುಂಬಾ ಮೆಚ್ಚಿದ್ರಂತೆ..."

"ನಿಮ್ಮ ಕಪಾಟಲ್ಲಿ ಇದೆಯಂತೆ."

ಇಂಥ ಮಾತು ಆ ಎರಡು ಮನೆಗಳ ನಡುವೆ ಯಾರೂ ಆಡಿರಲಿಲ್ಲ. ತೊಕುನಾಗರ ಕೈ ಸಿಹಿಯ ಪೊಟ್ಟಣದ ದಾರದ ಮೇಲೆ ಹಾಗೇ ನಿಂತಿತು. "ಕನಜಾವಾದ ಹುಡುಗಿ ಇಲ್ಲ. ಆ ಚಳಿಗಾಲ ನೀವು ತುಂಬಾ ಕಳೆಗುಂದಿದ್ರಿ. ಕೆಲಸ ಇಲ್ಲದ್ದಕ್ಕೇ ಹೀಗಾಗಿದೆ ಅಂದ್ಕೊಂಡೆ. ಸುಮ್ನೆ ಬಿಡಿಸಿ ಅಂದ್ರೆ ನೀವು ಕರುಣೆ ಅಂತ ತಿಳ್ಕೋತೀರಿ. ಅದಕ್ಕೇ ಮದುವೆ ಅಂದೆ, ಬೇಗ ಬೇಕು ಅಂದೆ. ಆಸರೆಯಾಗಲಿ ಅಂತ."

"ನನಗೆ ಸಾಕಾಗಿದೆ ಯಜಮಾನ್ರೇ," ಅಂದಳು ಸುಮಿಯೆ. ಇಷ್ಟು ಸಲೀಸಾಗಿ ಬರುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. "ಎರಡು ವರ್ಷದಿಂದ ಸಾಕಾಗಿದೆ. ಮಾನಿಟರ್ ಹೋದ್ರೆ ನನ್ನನ್ನೂ ಬಿಡ್ತೀರಿ ಅಂತ ಕಾದಿದ್ದೆ. ಇವತ್ತಿಗೆ ಮುಗೀತು. ನಾನಿನ್ನು ಬಿಡಿಸೋದಿಲ್ಲ."

ತೊಕುನಾಗರು ಅವಳನ್ನೇ ನೋಡಿದರು. ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರ ಹೆಗಲೆರಡೂ ಕೆಳಗಿಳಿದವು, ಗಂಟಲಲ್ಲಿ ನಗೆಯಂಥದ್ದೊಂದು ಸದ್ದು ಬಂತು. "ನನಗೂ," ಅಂದರು. "ನನಗೂ ಸಾಕಾಗಿದೆ. ನಿಮ್ಮ ಮುಖ ನೋಡ್ಕೊಂಡೇ ಬಾಗಿಲು ತೆಗೀತಿದ್ದೆ. ತೊಮೆ ಅಜ್ಜಿನೂ ಕಟಗಿರಿ ಸಾನ್ ಇರೋ ತನಕ ನೇಯ್ತೀನಿ, ಆಮೇಲೆ ಆಗಲ್ಲಪ್ಪ ಅಂತಿದ್ರು. ಅಯ್ಯೋ ದೇವರೇ, ಮೂರು ಜನ ಮುದುಕರು ಒಬ್ಬರನ್ನೊಬ್ಬರು ಎಳ್ಕೊಂಡು... ಎಂಥ ಪೆದ್ದರು ನಾವು!" ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೊರೆ ಇಳಿಸಿದವನ ನಗೆ ಅದು. ಪೊಟ್ಟಣ ಬಿಚ್ಚಿ ಒಂದು ತುಂಡು ಅವಳ ಮುಂದಿಟ್ಟರು.

ಸುಮಿಯೆ ನಗಲಿಲ್ಲ. ನಗಬೇಕೆಂದು ಅವಳಿಗೂ ಅನಿಸಿತ್ತು. ಇಲ್ಲಿಗೆ ನಿಲ್ಲಿಸಿದ್ದರೆ ಇಬ್ಬರೂ ಸಿಹಿ ತಿಂದು, ಒಂದು ಸುತ್ತು ಚಹಾ ಕುಡಿದು, ನೆಮ್ಮದಿಯಾಗಿ ಬೀಳ್ಕೊಳ್ಳಬಹುದಿತ್ತು. ಈ ಮುದುಕನಿಗೆ ಇನ್ನೊಂದು ಮಾತು ಯಾಕೆ ಎಂದು ಅವಳ ಊರು ಅವಳ ಕಿವಿಯಲ್ಲಿ ಹೇಳಿತು. ಪರದೆಯ ಮೇಲೆ ಆ ಕೆಂಪು ಚೌಕ ಹಾಗೇ ಉರಿಯುತ್ತಿತ್ತು.

"ಈ ಹೂವಿನ ಮೂರನೇ ಸುತ್ತು ಬಿಡಿಸ್ತಿರೋವಾಗ ನನ್ನ ತಂಗಿ ಸತ್ತಳು," ಅಂದಳು. "ಬಂದು ಪಕ್ಕದಲ್ಲಿ ಕೂತ್ಕೋ ಅಂದಿದ್ಲು. ಚೀಲ ತುಂಬಿಸಿದ್ದೆ. ನೀವು ಬಂದು ಮದುವೆ ಅಂದ್ರಿ. ನಾನು ಹೋಗಲಿಲ್ಲ."

ತೊಕುನಾಗರ ಮುಖದ ನಗೆ ಇದ್ದಲ್ಲೇ ಉಳಿಯಿತು, ತೆಗೆಯಲು ಮರೆತ ಹಾಗೆ. "ಸ್ವಲ್ಪ ಹುಷಾರಿಲ್ಲ ಅಂತ ಅಂದಿದ್ರಿ..."

"ಅಂದಿದ್ದೆ."

ಅವರು ಪೊಟ್ಟಣವನ್ನು ಬದಿಗೆ ಸರಿಸಿದರು. ಎರಡೂ ಅಂಗೈಯನ್ನು ಚಾಪೆಯ ಮೇಲೂರಿ, ಹಣೆ ನೆಲಕ್ಕೆ ತಾಗುವಷ್ಟು ಬಾಗಿದರು. ನಮ್ಮೂರಲ್ಲಿ ಯಾರಾದರೂ ಹೀಗೆ ಬಾಗಿದರೆ ಎದುರಿಗಿರುವವರು ಗಾಬರಿಯಾಗಿ, ಅಯ್ಯೋ ಏಳಿ, ಅಂಥದ್ದೇನಾಯ್ತೀಗ, ನನ್ನದೂ ತಪ್ಪಿದೆ ಎನ್ನುತ್ತಾರೆ. ಅನ್ನಲೇಬೇಕು. ತಾನೂ "ಸ್ವಲ್ಪ" ಎಂದವಳು ಎಂದು ಸುಮಿಯೆಗೆ ಚೆನ್ನಾಗಿ ಗೊತ್ತಿತ್ತು. ಈ ಮನುಷ್ಯ ಕೆಟ್ಟವನಲ್ಲ, ಒಳ್ಳೆಯದನ್ನೇ ಬಗೆದಿದ್ದ ಎಂದೂ ಗೊತ್ತಿತ್ತು.

ಏಳಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹುಟ್ಟಿದಂದಿನಿಂದ ಎಷ್ಟು ಜನಕ್ಕೆ ಹೇಳಿದ್ದಳೋ ಲೆಕ್ಕವಿಲ್ಲ. ಅವಳು ಅದನ್ನು ನುಂಗಿಕೊಂಡು, ಮಡಿಲಲ್ಲಿ ಕೈಯಿಟ್ಟು, ಅವರ ನರೆತ ತಲೆಯನ್ನು ನೋಡುತ್ತ ಸುಮ್ಮನೆ ಕೂತಳು.